ಜಾನಪದಕ್ಕೆ ಎಷ್ಟು ಸ್ಪೆಲ್ಲಿಂಗ್?

ಜಾನಪದ ಸಂಗ್ರಾಹಕರ ಬಗೆಗಿನ ನನ್ನ ಎರಡನೇ ಅಧ್ಯಾಯ ಮುಗಿದ ಮೇಲೆ ಗೊತ್ತಾಯಿತು: ಅದೇ ವಿಷಯದ ಮೇಲೆ ನಮ್ಮ ವಿಭಾಗದಲ್ಲೇ ಇಪ್ಪತ್ತು ವರ್ಷದ ಹಿಂದೆ ಮಹಾಪ್ರಬಂಧವೊಂದು ಬಂದಿದೆ. ಹೇಳಿದ್ದು ಗ್ರಂಥಾಲಯದ ಕಂಪ್ಯೂಟರ್ ಅಲ್ಲ, ನಿವೃತ್ತಿಗೆ ಎರಡು ತಿಂಗಳಿದ್ದ ಅಲ್ಲಿನ ಸಹಾಯಕರು. "ಇದನ್ನ ಒಬ್ರು ಮೇಡಂ ಮಾಡಿದಾರಲ್ಲ, ಬನ್ನಿ" ಎಂದು ನೇರ ಕೆಳಗಿನ ಶೆಲ್ಫಿಗೆ ಕೈ ಹಾಕಿದರು. ನನ್ನ ಎಂಟು ತಿಂಗಳ ದುಡಿಮೆ ಅಲ್ಲಿ ಧೂಳು ಹಿಡಿದು ಕೂತಿತ್ತು.

ಕಂಪ್ಯೂಟರಿನಲ್ಲಿ ಅದು ಇರಲಿಲ್ಲವೆಂದಲ್ಲ. ಇತ್ತು, ಇಂಗ್ಲಿಷ್ ಅಕ್ಷರಗಳಲ್ಲಿ. ನಾನು 'ಜಾ'ಗೆ ಒಂದು 'ಎ' ಹಾಕಿ ಹುಡುಕಿದ್ದೆ. ನಮೂದಿಸಿದವರು ಎರಡು ಹಾಕಿದ್ದರು. ಕನ್ನಡದಲ್ಲಿ ಟೈಪ್ ಮಾಡಿದರಂತೂ ಫಲಿತಾಂಶ ಸೊನ್ನೆ. ಕನ್ನಡ ವಿಭಾಗದ ಕನ್ನಡ ಪ್ರಬಂಧವನ್ನು ಕನ್ನಡದಲ್ಲಿ ಹುಡುಕುವಂತಿಲ್ಲ!

ಕೇಳಿದರೆ "ಸಾಫ್ಟ್‌ವೇರಿನಲ್ಲಿ ಕನ್ನಡ ಬರಲ್ಲ" ಎನ್ನುತ್ತಾರೆ. ಇದು ಶುದ್ಧ ಸುಳ್ಳು. 1991ರ ಮೊದಲ ಯುನಿಕೋಡ್ ಆವೃತ್ತಿಯಿಂದಲೇ ಅದರಲ್ಲಿ ಕನ್ನಡವಿದೆ. ಗ್ರಂಥಾಲಯಗಳು ಬಳಸುವ ಕೊಹಾ, ಡಿಸ್ಪೇಸ್ ಎರಡೂ ಮುಕ್ತ ತಂತ್ರಾಂಶಗಳು, ಎರಡಕ್ಕೂ ಯುನಿಕೋಡ್ ಗೊತ್ತು. ಮಾರ್ಕ್ ನಮೂನೆಯಲ್ಲಿ ಬೇರೆ ಲಿಪಿಯ ರೂಪಕ್ಕೆಂದೇ 880 ಎಂಬ ಖಾನೆಯಿದೆ. ಕುವೆಂಪು ಎಂದು ಹುಡುಕಿದರೂ ಕೆ.ವಿ. ಪುಟ್ಟಪ್ಪ ಎಂದು ಹುಡುಕಿದರೂ ಒಂದೇ ಕಡೆ ತಲುಪಿಸುವ ವ್ಯವಸ್ಥೆಯೂ ಇದೆ. ಖಾನೆ ತುಂಬುವವರು ಬೇಕಷ್ಟೆ. ಹಳೆಯ ಫಾಂಟುಗಳಲ್ಲಿ ಟೈಪಾದ ಪ್ರಬಂಧಗಳ ಪಾಡು ಇನ್ನೊಂದು: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿದರೆ ವಿಚಿತ್ರ ಲ್ಯಾಟಿನ್ ಚಿಹ್ನೆಗಳ ರಾಶಿ ಬೀಳುತ್ತದೆ. ಅದನ್ನು ಯುನಿಕೋಡಿಗೆ ಬದಲಿಸುವ ಸಾಧನಗಳೂ ಇವೆ. ಮಾಡುವವರಿಲ್ಲ.

ಹೋದ ವರ್ಷ ಇದೇ ಗ್ರಂಥಾಲಯದಲ್ಲಿ 'ಜ್ಞಾನ ನಿರ್ವಹಣೆ' ಕುರಿತು ಎರಡು ದಿನದ ವಿಚಾರ ಸಂಕಿರಣ ನಡೆಯಿತು. ಓದುಗರ ಸಮಯ ಉಳಿಸಬೇಕೆಂಬ ರಂಗನಾಥನ್ ಅವರ 1931ರ ಸೂತ್ರ ಪ್ರತಿ ಭಾಷಣದಲ್ಲೂ ಬಂತು. ಯಾವ ಪ್ರಬಂಧ ಎಲ್ಲಿದೆ, ಯಾರು ಯಾವುದರ ಮೇಲೆ ಕೆಲಸ ಮಾಡಿದ್ದಾರೆ ಎಂಬುದೆಲ್ಲ ತಲೆಯಲ್ಲಿದ್ದ ಆ ಸಹಾಯಕರು ಹಿಂದೆ ಕುರ್ಚಿ ಜೋಡಿಸುತ್ತಿದ್ದರು. ನಿರ್ವಹಿಸಬೇಕಾದ ಜ್ಞಾನ ಅದೇ ಅಲ್ಲವೇ? ಕ್ಯಾಟಲಾಗ್ ಮಾಡುವವರೊಬ್ಬರು ಒಂದು ತಿಂಗಳು ಅವರ ಪಕ್ಕ ಕೂತಿದ್ದರೆ ಮುಂದಿನ ಹತ್ತು ಸಂಶೋಧಕರ ವರ್ಷಗಳು ಉಳಿಯುತ್ತಿದ್ದವು.

ನಮ್ಮದೂ ತಪ್ಪಿದೆ. ನನ್ನ ಜೊಟೆರೋದಲ್ಲಿ ನಾಲ್ಕು ವರ್ಷದ ಆಕರಪಟ್ಟಿ, ಟಿಪ್ಪಣಿಗಳಿವೆ. ಗೈಡ್‌ಗೂ ತೋರಿಸಿಲ್ಲ, ಯಾರಾದರೂ ಕದ್ದಾರು ಎಂಬ ಭಯ.

ಬೀಳ್ಕೊಡುಗೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಬಂದಿತ್ತು. ನೋಟ್‌ಬುಕ್ ಹಿಡಿದು ಯಾರೂ ಬಂದಿರಲಿಲ್ಲ. ನಾನೂ ಫೋಟೋಗೆ ನಿಂತು, ಕೇಸರಿಬಾತ್ ತಿಂದು ಬಂದೆ.