ಬೆಕ್ಕಿನ ನೋವಿಗೆ ದನದ ಬಾಟಲಿ

ಮೂರು ಕೆ.ಜಿ. ತೂಗುವ ಬೆಕ್ಕಿಗೆ ದಿನವೂ ಮೆಲಾಕ್ಸಿಕಾಂ ಎಂಬ ನೋವಿನ ಔಷಧ ಕೊಡಬೇಕಾಗಿ ಬಂದರೆ, ಯುರೋಪಿನ ಔಷಧ ನಿಯಂತ್ರಕರು ಒಪ್ಪಿರುವ ಪ್ರಮಾಣ ಕೆ.ಜಿ.ಗೆ 0.05 ಮಿ.ಗ್ರಾಂ. ಅಂದರೆ ದಿನಕ್ಕೆ 0.15 ಮಿ.ಗ್ರಾಂ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಮನುಷ್ಯರ ಕೀಲುನೋವಿಗೆಂದು ಮಾರುವ ಮಾತ್ರೆ 7.5 ಅಥವಾ 15 ಮಿ.ಗ್ರಾಂ.ನದು. ಅದರಲ್ಲಿ ಚಿಕ್ಕದೇ ಆ ಬೆಕ್ಕಿಗೆ ಐವತ್ತು ದಿನದ ಮದ್ದು. ಪಶು ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ದನ, ಎಮ್ಮೆಗಳ ಲೆಕ್ಕದಲ್ಲಿ ತಯಾರಾದ, ಮಿ.ಲೀ.ಗೆ 5 ಮಿ.ಗ್ರಾಂ. ಇರುವ ಚುಚ್ಚುಮದ್ದು. ಅದರಲ್ಲಿ ಬೆಕ್ಕಿನ ಪಾಲು 0.03 ಮಿ.ಲೀ. ಅಷ್ಟನ್ನು ಅಳೆಯಲು ಇನ್ಸುಲಿನ್ ಸಿರಿಂಜ್ ಬೇಕು. ಅದು 100 ಯೂನಿಟ್‌ನದಾದರೆ ಮೂರು ಯೂನಿಟ್, 40 ಯೂನಿಟ್‌ನದಾದರೆ ಒಂದು ಚಿಲ್ಲರೆ. ಸಿರಿಂಜ್ ಅದಲು ಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರಬಹುದು.

ಬಾಯಿಯ ಕ್ಯಾನ್ಸರ್, ಕೊನೆಯ ಹಂತದ ಕಿಡ್ನಿ ಕಾಯಿಲೆ, ಸವೆದ ಕೀಲುಗಳು: ಇಂಥ ಬೆಕ್ಕನ್ನು ಮನೆಯಲ್ಲಿಟ್ಟುಕೊಂಡವರು ಕೇಳುವ ಪ್ರಶ್ನೆ ಒಂದೇ, ‘ಯಾವ ಔಷಧ ಒಳ್ಳೆಯದು?’ ಆದರೆ ಕರ್ನಾಟಕದ ಬಹುತೇಕ ಊರುಗಳಲ್ಲಿ ಆ ಆಯ್ಕೆಯನ್ನು ಮಾಡುವುದು ಅಂಗಡಿಯ ಕಪಾಟು. ಯಾವುದು ಇದೆಯೋ ಅದು, ಯಾವ ಅಳತೆಯಲ್ಲಿ ಇದೆಯೋ ಆ ಅಳತೆಯಲ್ಲಿ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಈ ಬೆಕ್ಕಿನ ಕಿಡ್ನಿ ಈಗ ಎಷ್ಟು ಕೆಲಸ ಮಾಡುತ್ತಿದೆ, ಮತ್ತು ಇದಕ್ಕೆ ಉಳಿದಿರುವ ಕಾಲ ಎಷ್ಟು? ಇವೆರಡಕ್ಕೆ ಉತ್ತರ ಹುಡುಕದೆ ಔಷಧದ ಹೆಸರು ಚರ್ಚಿಸುವುದು ವ್ಯರ್ಥ.

ಮೆಲಾಕ್ಸಿಕಾಂ ನಮ್ಮಲ್ಲಿ ಇಷ್ಟು ಹರಡಿಕೊಂಡದ್ದಕ್ಕೆ ಒಂದು ಕಾರಣ ರಣಹದ್ದು. ಇನ್ನೊಂದು ನೋವಿನ ಔಷಧ ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದನ್ನು ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿವೆ ಎಂಬುದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಭಾರತ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು, ಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಯಲ್ಲಿ ಕಂಡ ಮೆಲಾಕ್ಸಿಕಾಂ ಆ ಜಾಗಕ್ಕೆ ಬಂತು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳೂ, ಅದಾದ ಮೇಲೆ ನಿಮೆಸುಲೈಡ್ ಕೂಡ ಪಶು ಚಿಕಿತ್ಸೆಯಿಂದ ಹೊರಬಿದ್ದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಧಾಮ ಮಾಡಿಕೊಂಡಿರುವ ನಾವು ಇದನ್ನು ಮೆಚ್ಚಲೇಬೇಕು. ಆದರೆ ನೀತಿ ರೂಪುಗೊಂಡದ್ದು ದನ ಮತ್ತು ಹದ್ದಿನ ನಡುವೆ. ಬೆಕ್ಕು ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಯುರೋಪಿನಲ್ಲಿ ಮಿ.ಲೀ.ಗೆ 0.5 ಮಿ.ಗ್ರಾಂ. ಇರುವ ದ್ರಾವಣ ಬೆಕ್ಕಿಗೆಂದೇ ಬೇರೆ, ನಾಯಿಗೆ 1.5ರದು ಬೇರೆ. ಇಲ್ಲಿ ಪಶುವೈದ್ಯರು ದೊಡ್ಡ ಪ್ರಾಣಿಯ ಬಾಟಲಿಯಿಂದ ಚಿಕ್ಕ ಪ್ರಾಣಿಗೆ ಇಳಿಸಿಕೊಂಡು ಲೆಕ್ಕ ಹಾಕಬೇಕು.

ಅದಕ್ಕಿಂತ ಅಪಾಯಕಾರಿ ಎಂದರೆ ಬೆರಕೆ ಔಷಧಗಳು. ದನಗಳ ಜ್ವರ, ನೋವಿಗೆಂದು ಮೆಲಾಕ್ಸಿಕಾಂ ಜತೆ ಪ್ಯಾರಾಸಿಟಮಾಲ್ ಸೇರಿಸಿದ ಚುಚ್ಚುಮದ್ದು, ಬೋಲಸ್ ಎಂಬ ದೊಡ್ಡ ಮಾತ್ರೆಗಳು ನಮ್ಮಲ್ಲಿ ಧಾರಾಳವಾಗಿವೆ. ಬಾಟಲಿಯ ಹೆಸರು ಹೆಚ್ಚುಕಡಿಮೆ ಅದೇ, ಕೊನೆಗೊಂದು ‘ಪ್ಲಸ್’ ಇರುತ್ತದೆ, ಅಷ್ಟೆ. ಮನುಷ್ಯರ ಟ್ರಮಡಾಲ್ ಮಾತ್ರೆಯಲ್ಲಿಯೂ ಪ್ಯಾರಾಸಿಟಮಾಲ್ ಬೆರೆತದ್ದೇ ಎಲ್ಲೆಡೆ ಕಾಣುವುದು. ಬೆಕ್ಕಿಗೆ ಪ್ಯಾರಾಸಿಟಮಾಲ್ ಎಂದರೆ ವಿಷ, ಇದರಲ್ಲಿ ‘ಸ್ವಲ್ಪ ಕೊಟ್ಟರೆ ಪರವಾಗಿಲ್ಲ’ ಎಂಬುದಿಲ್ಲ. ಮನುಷ್ಯರ ಯಕೃತ್ತು ಈ ಔಷಧಕ್ಕೆ ಗ್ಲುಕುರಾನಿಕ್ ಆಮ್ಲ ಅಂಟಿಸಿ ಹೊರಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಕಿಣ್ವವನ್ನು ತಯಾರಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಸಿಂಹ, ಚೀತಾಗಳಲ್ಲಿಯೂ ಹಾಗೆಯೇ. ಮಾಂಸವನ್ನೇ ತಿಂದು ಬದುಕಿದ ವಂಶಕ್ಕೆ ಗಿಡಗಳ ವಿಷವನ್ನು ಅರಗಿಸಿಕೊಳ್ಳುವ ಈ ದಾರಿ ಬೇಡವಾಗಿ ಕಳೆದುಹೋಯಿತು ಎಂಬುದು ವಿಜ್ಞಾನಿಗಳ ವಿವರಣೆ. ಪರಿಣಾಮ ಮಾತ್ರ ಘೋರ: ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಂಜ ಊದಿಕೊಳ್ಳುತ್ತವೆ. 500 ಮಿ.ಗ್ರಾಂ.ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಮನುಷ್ಯರ ಆಸ್ಪತ್ರೆಗಳಲ್ಲಿ ಸಿಗುತ್ತದೆ, ಆದರೆ ಅದನ್ನು ಕೊಡಬೇಕಾದದ್ದು ಕೆಲವೇ ಗಂಟೆಗಳ ಒಳಗೆ.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್‌ಗಳೂ ಮನೆಯ ಡಬ್ಬಿಯಿಂದ ಬೆಕ್ಕಿನ ಬಾಯಿಗೆ ಹೋಗಬಾರದವು. ಅಷ್ಟೇಕೆ, ಮನೆಯವರು ತಮ್ಮ ಮೈಗೆ ಹಚ್ಚಿಕೊಂಡ ಮುಲಾಮು ಕೂಡ ಸಾಕು. ನೋವಿಗೆಂದು ಫ್ಲರ್ಬಿಪ್ರೊಫೆನ್ ಮುಲಾಮು ಹಚ್ಚಿಕೊಳ್ಳುತ್ತಿದ್ದವರ ಎರಡು ಮನೆಗಳಲ್ಲಿ ಬೆಕ್ಕುಗಳು ಕಾಯಿಲೆ ಬಿದ್ದು ಕೆಲವು ಸತ್ತ ಮೇಲೆ ಅಮೆರಿಕದ ಎಫ್‌ಡಿಎ 2015ರಲ್ಲಿ ಎಚ್ಚರಿಕೆ ಹೊರಡಿಸಿತು. ಕರ್ಪೂರದ ಎಣ್ಣೆ, ನೋವಿನ ಬಾಮ್ ತಿಕ್ಕುವ ನಮ್ಮ ಮನೆಮದ್ದಿಗೂ ಇದೇ ಮಾತು ಸಲ್ಲುತ್ತದೆ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿ, ಚರ್ಮಕ್ಕೆ ಹಚ್ಚಿದ್ದು ಹೊಟ್ಟೆಗೇ ಸೇರುತ್ತದೆ.

ಇಷ್ಟಕ್ಕೂ ಬೆಕ್ಕಿಗೆ ನೋವಿದೆ ಎಂದು ತಿಳಿಯುವುದು ಹೇಗೆ? ಅದು ನಾಯಿಯಂತೆ ಕುಯ್‌ಗುಟ್ಟುವುದಿಲ್ಲ. ಗುರುಗುಟ್ಟುತ್ತಾ ಮಲಗಿದೆ ಎಂದರೆ ಆರಾಮವಾಗಿದೆ ಎಂದೂ ಅಲ್ಲ, ನೋವಿನಲ್ಲಿಯೂ ಬೆಕ್ಕು ಗುರುಗುಟ್ಟುತ್ತದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಪ್ರಕಟಿಸಿದ ಮುಖಭಾವದ ಮಾಪಕ ಇಲ್ಲಿ ನಿಜಕ್ಕೂ ಉಪಯುಕ್ತ. ಕಿವಿ ಹೊರಕ್ಕೆ ತಿರುಗಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗಾಗಿದೆಯೇ, ತಲೆ ಭುಜಕ್ಕಿಂತ ಕೆಳಗಿದೆಯೇ ಎಂದು ನೋಡಿ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುತ್ತಾರೆ. ಹತ್ತಕ್ಕೆ ನಾಲ್ಕು ಬಂದರೆ ನೋವುಶಮನ ಬೇಕೆಂದು ಅರ್ಥ. ಫೋನಿನಲ್ಲಿ ಒಂದು ಫೋಟೊ ತೆಗೆದು ವೈದ್ಯರಿಗೆ ತೋರಿಸಿದರೂ ಆಯಿತು. ಹಳೆಯ ನೋವಿಗೆ ಮುಖ ಅಷ್ಟಾಗಿ ಸುಳಿವು ಕೊಡದು, ಅಲ್ಲಿ ನಡವಳಿಕೆ ನೋಡಬೇಕು. ಕಾಂಪೌಂಡ್ ಗೋಡೆಗೆ ಹಾರುವುದನ್ನು ನಿಲ್ಲಿಸಿತೇ, ಬೆನ್ನಿನ ಕೂದಲು ಜಡೆಗಟ್ಟಿತೇ, ಮಣ್ಣಿನ ತಟ್ಟೆಯ ಅಂಚು ದಾಟಲಾರದೆ ಪಕ್ಕದಲ್ಲಿ ಉಚ್ಚೆ ಹೊಯ್ಯಿತೇ? ಅಮೆರಿಕದಲ್ಲಿ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದವುಗಳ ಪೈಕಿ ಶೇ 90ರಷ್ಟಕ್ಕೆ ಕೀಲು ಅಥವಾ ಬೆನ್ನುಮೂಳೆಯ ಸವೆತವಿತ್ತು. ‘ವಯಸ್ಸಾಯಿತು, ಸೋಮಾರಿಯಾಗಿದೆ’ ಎಂದು ನಾವು ಹೇಳುವ ಬೆಕ್ಕುಗಳಲ್ಲಿ ಎಷ್ಟಕ್ಕೆ ನೋವೋ ಏನೋ.

ಈಗ ಅಸಲು ಇಕ್ಕಟ್ಟಿಗೆ ಬರೋಣ. ಒಂದೇ ಔಷಧದ ಬಗ್ಗೆ ಎರಡು ದೊಡ್ಡ ನಿಯಂತ್ರಕ ಸಂಸ್ಥೆಗಳು ಎದುರುಬದುರಾಗಿ ನಿಂತಿವೆ. ಬೆಕ್ಕುಗಳಿಗೆ ಮೆಲಾಕ್ಸಿಕಾಂ ಪದೇ ಪದೇ ಕೊಟ್ಟರೆ ಕಿಡ್ನಿ ವೈಫಲ್ಯ, ಸಾವು ಸಂಭವಿಸಬಹುದು ಎಂಬ ಚೌಕಟ್ಟಿನ ಎಚ್ಚರಿಕೆಯನ್ನು ಎಫ್‌ಡಿಎ 2010ರಲ್ಲಿ ಲೇಬಲ್ ಮೇಲೆ ಹಾಕಿಸಿತು. ಅಲ್ಲಿ ಅನುಮತಿ ಇರುವುದು ಶಸ್ತ್ರಚಿಕಿತ್ಸೆಯ ಸಂದರ್ಭದ ಒಂದೇ ಒಂದು ಚುಚ್ಚುಮದ್ದಿಗೆ, ಅದೂ ಕೆ.ಜಿ.ಗೆ 0.3 ಮಿ.ಗ್ರಾಂ. ಯುರೋಪು 2007ರಿಂದಲೇ ಅದರ ಆರನೇ ಒಂದರಷ್ಟನ್ನು ದಿನವೂ ಕೊಡಲು ಬಿಟ್ಟಿದೆ. ಯಾರು ಸರಿ? ಪ್ರಮಾಣ ಚಿಕ್ಕದಿದ್ದು, ಬೆಕ್ಕು ನೀರು ಕುಡಿದು ಊಟ ಮಾಡುತ್ತಿದ್ದು, ರಕ್ತಪರೀಕ್ಷೆ ಆಗಾಗ ನಡೆಯುತ್ತಿದ್ದರೆ ಯುರೋಪಿನ ದಾರಿಯೇ ಸರಿ ಎಂದು ನನಗೆ ತೋರುತ್ತದೆ. ಅಂತರರಾಷ್ಟ್ರೀಯ ಬೆಕ್ಕು ವೈದ್ಯಕೀಯ ಸಂಘಟನೆಗಳ ಮಾರ್ಗಸೂಚಿಗಳೂ, ಕಿಡ್ನಿ ಕಾಯಿಲೆ ಸ್ಥಿರವಾಗಿದ್ದರೆ ಎಚ್ಚರದಿಂದ ಕೊಡಬಹುದು ಎನ್ನುತ್ತವೆ. ಆದರೆ ಬೆಕ್ಕು ನಿರ್ಜಲೀಕರಣಗೊಂಡಿದ್ದರೆ ಅದೇ ಔಷಧ ಕೊಲ್ಲಬಲ್ಲದು. ನೀರಿನಂಶ ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ಕಾಯುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು, ಮೆಲಾಕ್ಸಿಕಾಂ ಜಾತಿಯ ಔಷಧ ತಡೆಯುವುದೂ ಅವುಗಳನ್ನೇ. ವಾಂತಿ ಮಾಡುತ್ತಿರುವ, ಮೂರು ದಿನದಿಂದ ಊಟ ಬಿಟ್ಟ ಬೆಕ್ಕಿಗೆ ಮೊದಲು ಬೇಕಾದದ್ದು ಡ್ರಿಪ್.

ಇನ್ನೊಂದು ಬಲೆ ಸ್ಟೀರಾಯ್ಡ್. ಕ್ಯಾನ್ಸರ್ ಇರುವ ಬೆಕ್ಕು ಹಸಿವಿಗೆಂದೋ ಗಡ್ಡೆಯ ಊತಕ್ಕೆಂದೋ ಆಗಲೇ ಪ್ರೆಡ್ನಿಸೊಲೋನ್ ಮೇಲಿರುತ್ತದೆ. ಅದರ ಜತೆ ಮೆಲಾಕ್ಸಿಕಾಂ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ. ಎರಡರಲ್ಲಿ ಒಂದೇ. ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿ ಓಡುವಾಗ ಹಳೆಯ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೋಗುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ.

ಕಿಡ್ನಿಗೆ ಕೈಹಾಕದೆ ಗಟ್ಟಿ ನೋವನ್ನು ಇಳಿಸುವುದು ಅಫೀಮಿನ ವರ್ಗದ ಓಪಿಯಾಯ್ಡ್‌ಗಳು. ಬೆಕ್ಕಿನ ಮಟ್ಟಿಗೆ ಬ್ಯುಪ್ರೆನಾರ್ಫಿನ್ ಎಲ್ಲರೂ ಮೆಚ್ಚಿದ ಔಷಧ. ಚುಚ್ಚುಮದ್ದಿನ ದ್ರವವನ್ನೇ ಕೆನ್ನೆಯ ಒಳಗೆ ಹನಿಸಬಹುದು, ಕಹಿ ಇಲ್ಲದ್ದರಿಂದ ಬೆಕ್ಕು ಜಗಳವಾಡುವುದಿಲ್ಲ, ಕ್ಯಾನ್ಸರ್‌ನಿಂದ ನುಂಗಲಾರದ್ದಕ್ಕೂ ಕೊಡಬಹುದು. ಅಮೆರಿಕದಲ್ಲಿ 2022ರಲ್ಲಿ ಬೆಕ್ಕಿನ ಕತ್ತಿನ ಹಿಂಭಾಗಕ್ಕೆ ಹಚ್ಚಿದರೆ ದಿನಗಟ್ಟಲೆ ಕೆಲಸ ಮಾಡುವ ರೂಪಕ್ಕೂ ಅನುಮತಿ ಸಿಕ್ಕಿತು. ನಮ್ಮಲ್ಲಿ ಬ್ಯುಪ್ರೆನಾರ್ಫಿನ್ ಮಾದಕ ವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ ಅಡಿ ಬರುವ ಮನೋಪರಿಣಾಮಿ ವಸ್ತು. ವ್ಯಸನಮುಕ್ತಿ ಕೇಂದ್ರಗಳು ಬಳಸುವ ಔಷಧವೂ ಅದೇ, ದುರ್ಬಳಕೆಯ ಭಯ ಸುಳ್ಳಲ್ಲ. ದಾಸ್ತಾನು ಪುಸ್ತಕ, ತಪಾಸಣೆಯ ರಗಳೆ ಬೇಡವೆಂದು ಚಿಕ್ಕ ಕ್ಲಿನಿಕ್‌ಗಳು ಅದನ್ನು ಇಡುವುದೇ ಇಲ್ಲ. 2018ರಲ್ಲಿ ಟ್ರಮಡಾಲ್ ಕೂಡ ಅದೇ ಪಟ್ಟಿಗೆ ಸೇರಿತು. ಬೆಕ್ಕಿನ ದೇಹದಲ್ಲಿ ಟ್ರಮಡಾಲ್ ನಾಯಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ರುಚಿ ಎಷ್ಟು ಕಹಿಯೆಂದರೆ ಬೆಕ್ಕು ಬಾಯಿತುಂಬ ನೊರೆ ಬರಿಸಿಕೊಂಡು ಮಂಚದ ಕೆಳಗೆ ಓಡುತ್ತದೆ. ಉಳಿದದ್ದು ಬ್ಯುಟಾರ್ಫನಾಲ್. ಅದರ ನೋವುಶಮನ ದುರ್ಬಲ, ಹೆಚ್ಚೆಂದರೆ ಒಂದೆರಡು ಗಂಟೆಯದು. ಚಿಕಿತ್ಸೆಯ ಕೋಣೆಯಲ್ಲಿ ಸುಮ್ಮನಾದ ಬೆಕ್ಕು ಮನೆ ತಲುಪುವಷ್ಟರಲ್ಲಿ ಮತ್ತೆ ನರಳುತ್ತಿರುತ್ತದೆ, ಮನೆಯವರು ಅದಕ್ಕೆ ಚಿಕಿತ್ಸೆ ಸಿಕ್ಕಿದೆ ಎಂದುಕೊಂಡಿರುತ್ತಾರೆ.

ಹೀಗಾಗಿ ಈಚೆಗೆ ಎಲ್ಲರೂ ಗ್ಯಾಬಪೆಂಟಿನ್ ಕಡೆ ವಾಲಿದ್ದಾರೆ. ಮನುಷ್ಯರ ನರದ ನೋವಿನ ಈ ಔಷಧ ಅಗ್ಗ, ಸುಲಭವಾಗಿ ಸಿಗುತ್ತದೆ. ಇದು ಹೊರಹೋಗುವುದು ಕಿಡ್ನಿಯ ಮೂಲಕವೇ ಆದ್ದರಿಂದ ಕಿಡ್ನಿ ಕೆಟ್ಟ ಬೆಕ್ಕಿಗೆ ಪ್ರಮಾಣ ತಗ್ಗಿಸಬೇಕು, ಇಲ್ಲದಿದ್ದರೆ ತೂರಾಡುತ್ತದೆ. ಇಲ್ಲಿಯೂ ಮೀಥೈಲ್‌ಕೊಬಾಲಮಿನ್ ಅಥವಾ ನಾರ್‌ಟ್ರಿಪ್ಟಿಲಿನ್ ಬೆರೆತ ಮಾತ್ರೆಗಳೇ ಹೆಚ್ಚು, ಸ್ಟ್ರಿಪ್‌ನ ಹಿಂಭಾಗವನ್ನು ಓದಿಯೇ ಕೊಳ್ಳಬೇಕು. ನನ್ನ ತಕರಾರು ಬೇರೆ: ಗ್ಯಾಬಪೆಂಟಿನ್ ಕೊಟ್ಟ ಬೆಕ್ಕು ಮಲಗುತ್ತದೆ, ಮಲಗಿದ್ದನ್ನು ನೋವು ಹೋಗಿದೆ ಎಂದು ಬರೆದುಕೊಳ್ಳುತ್ತೇವೆ. ಜತೆಯ ಔಷಧವಾಗಿ ಒಳ್ಳೆಯದು, ಬಾಯಿಯ ಕ್ಯಾನ್ಸರ್‌ಗೆ ಅದೊಂದೇ ಸಾಕು ಎನ್ನುವುದು ಕಣ್ಣೊರೆಸುವ ಮಾತು. ಕೀಲುನೋವಿಗೆ ತಿಂಗಳಿಗೊಮ್ಮೆ ಚುಚ್ಚುವ ಫ್ರುನೆವೆಟ್‌ಮ್ಯಾಬ್ ಎಂಬ ಪ್ರತಿಕಾಯಕ್ಕೆ ಯುರೋಪು 2021ರಲ್ಲಿ, ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿವೆ. ಅದು ಸಂಧಿವಾತಕ್ಕೆ ಮಾತ್ರ, ಕ್ಯಾನ್ಸರ್‌ಗಲ್ಲ.

ಉಳಿದಿರುವ ಕಾಲದ ಪ್ರಶ್ನೆಯಿಂದ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಕೀಲು ಸವೆದ, ಇನ್ನೂ ನಾಲ್ಕು ವರ್ಷ ಬದುಕಬಲ್ಲ ಬೆಕ್ಕಿನ ಕಿಡ್ನಿಯನ್ನು ಕಾಪಾಡುವುದು ವಿವೇಕ. ದವಡೆಯಲ್ಲಿ ಗಡ್ಡೆ ಬೆಳೆದು, ಹೆಚ್ಚೆಂದರೆ ಎರಡು ತಿಂಗಳು ಇರುವ ಬೆಕ್ಕಿಗೆ ‘ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ’ ಎಂದು ನೋವಿನ ಔಷಧ ತಡೆಹಿಡಿಯುವುದು ವಿವೇಕವಲ್ಲ. ಅದು ಲ್ಯಾಬ್ ವರದಿಗೆ ಚಿಕಿತ್ಸೆ. ಮನುಷ್ಯರ ಉಪಶಾಮಕ ಚಿಕಿತ್ಸೆ ಈ ಪಾಠವನ್ನು ಕಷ್ಟಪಟ್ಟು ಕಲಿತಿದೆ. ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಕೊಡಲು ಹಲವು ಪರವಾನಗಿ ಬೇಕಿದ್ದ ಕಾಲ ಇತ್ತು, ವೈದ್ಯರು ವರ್ಷಗಟ್ಟಲೆ ಬಡಿದಾಡಿದ ಮೇಲೆ 2014ರಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು ‘ಅತ್ಯಗತ್ಯ ಮಾದಕ ಔಷಧ’ ಎಂಬ ವರ್ಗ ಮಾಡಿತು. ಪ್ರಾಣಿಗಳ ಪರವಾಗಿ ಅಂಥ ಬಡಿದಾಟ ಇನ್ನೂ ಶುರುವಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್, ಸಾಕಿದವರು ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಆ ಕರ್ತವ್ಯ ಪಾಲಿಸಲು ಬೇಕಾದ ಔಷಧ ಎಲ್ಲಿ ಸಿಗಬೇಕೆಂದು ಯಾವ ಕಡತವೂ ಹೇಳುವುದಿಲ್ಲ.

ಸರ್ಕಾರ ದೊಡ್ಡದೇನನ್ನೂ ಮಾಡಬೇಕಿಲ್ಲ. ಬೆಕ್ಕಿನ ಚೀಟಿಯಲ್ಲಿ ತೂಕ, ಔಷಧದ ಮಿ.ಗ್ರಾಂ., ದ್ರಾವಣದ ಸಾಂದ್ರತೆ, ಯಾವ ಸಿರಿಂಜ್, ಮತ್ತೆ ತೋರಿಸಬೇಕಾದ ದಿನ ಇಷ್ಟನ್ನೂ ಬರೆಯುವುದು ಕಡ್ಡಾಯವಾಗಲಿ. ಪ್ಯಾರಾಸಿಟಮಾಲ್ ಬೆರೆತ ಪಶು ಔಷಧಗಳ ಲೇಬಲ್ ಮೇಲೆ ಬೆಕ್ಕಿನ ಚಿತ್ರಕ್ಕೆ ಕೆಂಪು ಗೀಟು ಎಳೆದು ಮುದ್ರಿಸಲಿ. ದಯಾಮರಣದ ಮಾತನ್ನು ವೈದ್ಯರು ಮೊದಲ ಭೇಟಿಯಲ್ಲೇ ಎತ್ತಲಿ, ಕೊನೆಯ ರಾತ್ರಿ ಗಾಬರಿಯಲ್ಲಿ ತೀರ್ಮಾನಿಸುವಂತಾಗಬಾರದು. ಜಿಲ್ಲೆಗೊಂದು ಪಶು ಆಸ್ಪತ್ರೆಯಲ್ಲಾದರೂ ಓಪಿಯಾಯ್ಡ್ ದಾಸ್ತಾನು ಇರಲಿ. ಹೃದಯದಿಂದ ಸಿಡಿದ ರಕ್ತದ ಹೆಪ್ಪು ಹಿಂಗಾಲಿನ ರಕ್ತನಾಳಕ್ಕೆ ಸಿಕ್ಕಿಕೊಂಡಾಗ ಬೆಕ್ಕು ಚೀರಿಕೊಂಡು ಬೀಳುತ್ತದೆ, ಕಾಲು ತಣ್ಣಗಾಗುತ್ತದೆ, ಆ ನೋವಿಗೆ ಮಾತ್ರೆ ಏನೂ ಮಾಡದು. ಹಾಸನದಲ್ಲೋ ಸಿಂಧನೂರಲ್ಲೋ ರಾತ್ರಿ ಹನ್ನೊಂದಕ್ಕೆ ಅದು ಸಂಭವಿಸಿದರೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ 1962 ಸಂಖ್ಯೆಯ ಪಶು ಸಹಾಯವಾಣಿಯಲ್ಲಿ ಉತ್ತರ ಸಿಗುವಂತಿರಬೇಕು.