ಎಣಿಸುವ ಯಂತ್ರ, ಗುರುತಿಸುವ ಕಣ್ಣು

ರಕ್ತವನ್ನು ಪರೀಕ್ಷಿಸುವ ಸ್ವಯಂಚಾಲಿತ ಯಂತ್ರಗಳು ಈಗ ದೊಡ್ಡ ನಗರಗಳ ಸ್ವತ್ತಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರಗಳಿಗೂ ಬಂದಿವೆ. ಸಂತೋಷದ ಸಂಗತಿಯೇ ಸರಿ. ಆದರೆ ಯಂತ್ರ ಬಂದಿತೆಂದು ಸೂಕ್ಷ್ಮದರ್ಶಕವನ್ನು ಬೀರುವಿನಲ್ಲಿಡುವುದು ಅಪಾಯಕರವೆಂದು ನಾವು ಭಾವಿಸುತ್ತೇವೆ. ಅದರಲ್ಲಿಯೂ ರಕ್ತದ ಕ್ಯಾನ್ಸರಿನ ವಿಷಯದಲ್ಲಿ.

ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟು ಪಡೆದ ಉಪಾಯ ಬಹಳ ಸರಳವಾದುದು. ಉಪ್ಪುನೀರಿನಲ್ಲಿ ತೆಳುಮಾಡಿದ ರಕ್ತವನ್ನು ಕೂದಲೆಳೆಯಷ್ಟು ಕಿರಿದಾದ ರಂಧ್ರದಲ್ಲಿ ಹರಿಯಗೊಟ್ಟು, ಅದೇ ರಂಧ್ರದಲ್ಲಿ ವಿದ್ಯುತ್ತನ್ನೂ ಹಾಯಿಸಬೇಕು. ಕಣವು ವಿದ್ಯುತ್ತಿಗೆ ಅಡ್ಡಿಯಾದ್ದರಿಂದ ಪ್ರತಿಯೊಂದು ಕಣ ದಾಟುವಾಗಲೂ ಒಂದು ಮಿಡಿತವುಂಟಾಗುತ್ತದೆ. ಮಿಡಿತಗಳನ್ನು ಎಣಿಸಿದರೆ ಕಣಗಳ ಸಂಖ್ಯೆಯೂ, ಮಿಡಿತದ ಎತ್ತರವನ್ನು ಅಳೆದರೆ ಕಣದ ಗಾತ್ರವೂ ತಿಳಿಯುತ್ತವೆ.

ಈ ಎಣಿಕೆಯ ಹಿರಿಮೆಯನ್ನು ಅಲ್ಲಗಳೆಯಲಾಗದು. ಕಣ್ಣಿನಿಂದ ಎಣಿಸುವವರು ಸಾಮಾನ್ಯವಾಗಿ ನೂರು ಬಿಳಿಯ ಕಣಗಳನ್ನು ನೋಡಿ ನಿಲ್ಲಿಸುತ್ತಾರೆ. ನೂರಕ್ಕೆ ಎರಡರಂತೆ ಕೆಟ್ಟ ಕಣಗಳಿದ್ದಾಗ, ನೋಡಿದ ನೂರರಲ್ಲಿ ಒಂದೂ ಸಿಕ್ಕದಿರುವ ಸಂಭವ ನೂರಕ್ಕೆ ಸುಮಾರು 13! (ಗಣಿತದ ವಿದ್ಯಾರ್ಥಿಗಳು 0.98ರ ನೂರನೆಯ ಘಾತವನ್ನು ಕಂಡುಹಿಡಿದು ನೋಡಬಹುದು.) ಯಂತ್ರವಾದರೋ ಸಾವಿರಾರು ಕಣಗಳನ್ನು ದಣಿವಿಲ್ಲದೆ ಎಣಿಸುತ್ತದೆ.

ಎಣಿಸುವುದು ಬೇರೆ, ಗುರುತಿಸುವುದು ಬೇರೆ. ತೀವ್ರ ಲ್ಯೂಕೀಮಿಯದಲ್ಲಿ ಮೂಳೆಯ ಮಜ್ಜೆಯಿಂದ ಬಲಿಯದ ಎಳಸು ಕಣಗಳು ರಕ್ತಕ್ಕೆ ನುಗ್ಗುತ್ತವೆ. ಇವಕ್ಕೆ ಬ್ಲಾಸ್ಟ್ ಎಂದು ಹೆಸರು. ಸಣ್ಣ ಪ್ರಯೋಗಶಾಲೆಗಳ ಯಂತ್ರ ಅನೇಕ ವೇಳೆ ಬಿಳಿಯ ಕಣಗಳನ್ನು ಗಾತ್ರ ನೋಡಿ ಮೂರು ಗುಂಪು ಮಾಡುವಂಥದು. ಬ್ಲಾಸ್ಟಿಗೆಂದು ಅದರಲ್ಲಿ ಬೇರೆ ಗುಂಪಿಲ್ಲ; ಲಿಂಫೋಸೈಟುಗಳ ಲೆಕ್ಕಕ್ಕೋ ನಡುಗಾತ್ರದ ಕಣಗಳ ಲೆಕ್ಕಕ್ಕೋ ಅದು ಸೇರಿಹೋಗಬಹುದು. ಬೆಳಕಿನ ಚದರಿಕೆಯಿಂದ ಐದು ಗುಂಪು ಮಾಡುವ ಮೇಲ್ತರದ ಯಂತ್ರಗಳು ಬ್ಲಾಸ್ಟ್ ಇರಬಹುದೆಂಬ ಎಚ್ಚರಿಕೆಯನ್ನು ಮುದ್ರಿಸುತ್ತವೆ. ಅದೂ ಸಂಶಯವೇ ಹೊರತು ತೀರ್ಪಲ್ಲ. ಗಾಜಿನ ಫಲಕದ ಮೇಲೆ ರಕ್ತವನ್ನು ತೆಳ್ಳಗೆ ಸವರಿ, ಬಣ್ಣವೂಡಿ ನೋಡದೆ ಮುಂದುವರಿಯುವಂತಿಲ್ಲ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ರೈತನೊಬ್ಬನಿಗೆ ಜ್ವರ, ವಸಡಿನಲ್ಲಿ ರಕ್ತ, ಮೈಮೇಲೆ ಕೆಂಪು ಚುಕ್ಕೆಗಳು ಕಾಣಿಸಿಕೊಂಡಿವೆ ಎಂದಿಟ್ಟುಕೊಳ್ಳೋಣ. ಯಂತ್ರದ ಚೀಟಿಯಲ್ಲಿ ಪ್ಲೇಟ್‌ಲೆಟ್ಟುಗಳು ಕಡಮೆ, ಬಿಳಿಯ ಕಣಗಳೂ ಕಡಮೆ. ಮಳೆಗಾಲದಲ್ಲಿ ಇದನ್ನು ಡೆಂಗೀ ಎಂದು ಬಗೆಯುವುದು ಸಹಜ. ಆದರೆ ಪ್ರೊಮೈಲೊಸೈಟಿಕ್ ಲ್ಯೂಕೀಮಿಯವೂ ಹೀಗೆಯೇ ತಲೆದೋರಬಲ್ಲದು! ಅದಾಗಿದ್ದರೆ ಕಾಯುವ ನಾಲ್ಕು ದಿನಗಳಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ ಆತ ಸಾಯಬಹುದು. ಅದೇ ವೇಳೆಗೆ ಸರಿಯಾಗಿ ಗುರುತಿಸಿದರೆ, ವಯಸ್ಕರ ತೀವ್ರ ಲ್ಯೂಕೀಮಿಯಗಳಲ್ಲಿ ಅತ್ಯಂತ ಹೆಚ್ಚಾಗಿ ಗುಣವಾಗುವುದೂ ಇದೇ. ‘ಎ’ ಜೀವಸತ್ವದಿಂದ ಹುಟ್ಟಿದ ಒಂದು ಆಮ್ಲವೂ, ಹಿಂದಿನವರು ಪಾಷಾಣವೆಂದು ಹೆದರುತ್ತಿದ್ದ ಆರ್ಸೆನಿಕ್ಕೂ ಇದಕ್ಕೆ ಮದ್ದು. ಕಣದೊಳಗೆ ಸೌದೆಯ ಕಂತೆಯಂತೆ ಬಿದ್ದಿರುವ ಔಯರ್ ಕಡ್ಡಿಗಳು ಫಲಕದಲ್ಲಿ ಕಂಡರೆ ಪಳಗಿದ ಕಣ್ಣು ತಡಮಾಡುವುದಿಲ್ಲ.

ಅಂಥ ಕಣ್ಣುಗಳು ಹೋಬಳಿಗೊಂದರಂತೆ ಎಲ್ಲಿವೆ, ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಫಲಕದ ಚಿತ್ರ ತೆಗೆದು, ಕಣಗಳನ್ನು ವಿಂಗಡಿಸಿ, ದೂರದಲ್ಲಿರುವ ತಜ್ಞರಿಗೆ ತೋರಿಸಬಲ್ಲ ಯಂತ್ರವನ್ನು ಬೆಂಗಳೂರಿನಲ್ಲಿಯೇ, 2015ರಲ್ಲಿ ಆರಂಭವಾದ ಸಿಗ್‌ಟಪಲ್ ಎಂಬ ಕಂಪನಿ ನಿರ್ಮಿಸಿದೆ. ಸರ್ಕಾರವು ಎಣಿಸುವ ಯಂತ್ರಗಳನ್ನು ಕೊಳ್ಳುವಾಗ ಇಂಥದನ್ನೂ ಪರಿಶೀಲಿಸಲಿ. ಅಲ್ಲಿಯವರೆಗೆ ಒಂದು ನಿಯಮವಾದರೂ ಬೇಕು: ಯಂತ್ರ ಎಚ್ಚರಿಕೆ ಕೊಟ್ಟಾಗಲೂ, ಎರಡು ಬಗೆಯ ಕಣಗಳು ಒಟ್ಟಿಗೆ ಕುಸಿದಾಗಲೂ ಅದೇ ದಿನ ಫಲಕ ಸಿದ್ಧವಾಗಬೇಕು, ಅದರ ಚಿತ್ರ ಸಂಜೆಯೊಳಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಯ ತಜ್ಞರನ್ನು ತಲುಪಬೇಕು. ಇದಕ್ಕೆ ಬೇಕಾದುದು ಎರಡು ಗಾಜಿನ ತುಂಡು, ಒಂದಿಷ್ಟು ಲೀಷ್ಮನ್ ಬಣ್ಣ, ಹಳೆಯ ಸೂಕ್ಷ್ಮದರ್ಶಕ ಮತ್ತು ಕೈಯಲ್ಲಿರುವ ದೂರವಾಣಿ.