ಎದೆಬಡಿತವೇ ಕೀಲಿಕೈ

ನಾಡಿ ಎಣಿಸುವ ಕೈಗಡಿಯಾರ, ಸಕ್ಕರೆ ಅಳೆಯುವ ಬಿಲ್ಲೆ ಮೈಮೇಲೆ ಬಂದಿವೆ. ಇವು ಮಾತಾಡುವುದು ರೇಡಿಯೊ ಅಲೆಗಳಲ್ಲಿ. ರಾಯಬಾಗದ ಸಂತೆಯಲ್ಲಿ ಕೂಗಿ ಹೇಳಿದ ಗುಟ್ಟಿನಂತೆ ಅದು ಸುತ್ತಲಿನವರಿಗೂ ಸಿಗುತ್ತದೆ. ಕೇಳಿಸಿಕೊಂಡರೆ ಹೋಗಲಿ, ಯಾರಾದರೂ ಸುಳ್ಳು ಆಜ್ಞೆ ಕೊಟ್ಟರೆ? ಅಮೆರಿಕದ ಜೇ ರಾಡ್‌ಕ್ಲಿಫ್ ಸ್ವತಃ ಮಧುಮೇಹಿ. ತಮ್ಮದೇ ಇನ್ಸುಲಿನ್ ಪಂಪಿಗೆ ಹೊರಗಿನಿಂದ ಆಜ್ಞೆ ಕಳಿಸಬಹುದೆಂದು ಅವರು 2011ರಲ್ಲಿ ತೋರಿಸಿದರು. ಇನ್ಸುಲಿನ್ ಮಿತಿಮೀರಿದರೆ ಪ್ರಾಣಕ್ಕೇ ಸಂಚಕಾರ.

ಆದ್ದರಿಂದ ಮಾತಿಗೆ ಬೀಗ ಬೇಕು. ಆದರೆ ಎದೆಯ ಪಟ್ಟಿಗೂ ಮಣಿಕಟ್ಟಿನ ಯಂತ್ರಕ್ಕೂ ಒಂದೇ ಕೀಲಿಕೈ ಕೊಡುವುದು ಹೇಗೆ? ಗಾಳಿಯಲ್ಲಿ ಕಳಿಸಿದರೆ ಕಳ್ಳನಿಗೂ ಸಿಕ್ಕೀತು. ಸಂಶೋಧಕರ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಹೃದಯ ಗಡಿಯಾರದಂತೆ ಬಡಿಯುವುದಿಲ್ಲ. ಎರಡು ಬಡಿತಗಳ ನಡುವಿನ ಅಂತರ ಒಮ್ಮೆ 812 ಮಿಲಿಸೆಕೆಂಡ್ ಇದ್ದರೆ ಮತ್ತೊಮ್ಮೆ 847 ಇದ್ದೀತು. (ಬೆರಳಿಟ್ಟು ನಾಡಿ ನೋಡಿದರೆ ಇದು ತಿಳಿಯದು, ಮಕ್ಕಳೇ!) ಈ ಏರಿಳಿತವನ್ನು ಮೊದಲೇ ಊಹಿಸಲಾಗದು. ಆದರೆ ಒಂದೇ ದೇಹದ ಎದೆಯಲ್ಲೂ ಮಣಿಕಟ್ಟಿನಲ್ಲೂ ಅದು ಹೆಚ್ಚುಕಡಿಮೆ ಒಂದೇ. ಆ ಅಂಕಿಗಳಿಂದ ಎರಡೂ ಯಂತ್ರಗಳು ತಾವೇ ಕೀಲಿಕೈ ಮಾಡಿಕೊಳ್ಳಬಲ್ಲವು. ಅಳತೆಯ ಸಣ್ಣ ವ್ಯತ್ಯಾಸ ತಿದ್ದಲು ಗಣಿತವಿದೆ.

ಒಂದು ತೊಡಕೂ ಉಂಟು. ಮುಖದ ಬಣ್ಣದ ಸೂಕ್ಷ್ಮ ಬದಲಾವಣೆ ಹಿಡಿದು ಕ್ಯಾಮೆರಾ ಕೂಡ ದೂರದಿಂದ ನಾಡಿ ಓದುತ್ತದೆ. ಅದರ ಓದು ಎಷ್ಟು ನಿಖರವೋ, ಈ ಬೀಗ ಅಷ್ಟು ಸಡಿಲ.